ಬಲಸುತ್ತು

ಆ ದಿನ ಬೆಳಿಗ್ಗೆ ಗಂಗಾವತಿಗೆ ಸೂರ್ಯ ಕಾಣಲಿಲ್ಲ. ಕಾಲುವೆಯ ಕಡೆಯಿಂದ ಎದ್ದ ಮಂಜು ಮಿಲ್ಲಿನ ಹೊಗೆಯಲ್ಲಿ ಬೆರೆತು, ಹಿಂಡದೆ ಹರವಿದ ಬಟ್ಟೆಯ ಹಾಗೆ ಕಣದ ಮೇಲೆ ಜೋತುಬಿದ್ದಿತ್ತು. ಎಂಟು ಗಂಟೆಯಾದರೂ ಎದುರಿಗಿದ್ದವರ ಮುಖ ತಿಳಿಯದು. ಕೆಮ್ಮು ಕೇಳಿ ಯಾರೆಂದು ಗುರುತು ಹಿಡಿಯಬೇಕು.

ಗೋವಿಂದರಾಜರ ಅಕ್ಕಿ ಮಿಲ್ಲಿನ ಸಿಮೆಂಟಿನ ಕಣದಲ್ಲಿ ಮುನ್ನೂರು ಚೀಲ ಕುದಿಸಿದ ಭತ್ತ ಹರವಿತ್ತು. ಇನ್ನೂ ಹಬೆಯಾಡುತ್ತಿತ್ತು. ಬಿಸಿಲಿಲ್ಲದ ದಿನ ಇಂಥ ಭತ್ತವನ್ನು ಸುಮ್ಮನೆ ಬಿಡುವ ಹಾಗಿಲ್ಲ. ತಿರುವುತ್ತಲೇ ಇರಬೇಕು. ಬಿಟ್ಟರೆ ಹುಳಿವಾಸನೆ ಹಿಡಿಯುತ್ತದೆ. ಅಕ್ಕಿ ಹಳದಿಗೆ ತಿರುಗುತ್ತದೆ. ಆ ಅಕ್ಕಿಯನ್ನು ಯಾರೂ ಕೊಳ್ಳುವುದಿಲ್ಲ.

ತಿರುವುವುದು ಕಾಲಿನಿಂದ. ಹದಿನಾಲ್ಕು ಹೆಂಗಸರು ಒಬ್ಬರ ಹಿಂದೆ ಒಬ್ಬರು, ಪಾದ ಎತ್ತದೆ, ನೇಗಿಲು ಎಳೆದ ಹಾಗೆ ಕಾಲು ಎಳೆಯುತ್ತ ನಡೆಯಬೇಕು. ಕಾಲ್ಬೆರಳ ಸಂದಿ ಬೇಯುತ್ತದೆ. ಭತ್ತದ ಮೊನೆ ಹಿಮ್ಮಡಿಯ ಬಿರುಕಿಗೆ ಇಳಿಯುತ್ತದೆ. ಮೊದಲ ವರ್ಷ ರಕ್ತ ಬರುತ್ತದೆ. ಆಮೇಲೆ ಬರುವುದಿಲ್ಲ.

ಕಣದ ನಟ್ಟನಡುವೆ ಒಂದು ಹಿಡಿ ಭತ್ತ ಕೂಡಿಸಿ, ಅರಿಸಿಣ ಕುಂಕುಮ ಏರಿಸಿ, ಮೇಲೊಂದು ನಿಂಬೆಹಣ್ಣು ಇಟ್ಟಿರುತ್ತಾರೆ. ಅದು ಲಕ್ಷ್ಮವ್ವ. ಅವಳನ್ನು ಬಲಗೈಗೆ ಇಟ್ಟುಕೊಂಡೇ ಸುತ್ತಬೇಕು, ಗುಡಿ ಸುತ್ತಿದ ಹಾಗೆ. ಎಡಕ್ಕೆ ಸುತ್ತುವುದು ಹೆಣವನ್ನು ಮಾತ್ರ. ಕಣದೊಳಗೆ ಯಾರೂ ಚಪ್ಪಲಿ ಮೆಟ್ಟುವುದಿಲ್ಲ. ಸಾಹುಕಾರನೂ ಮೆಟ್ಟುವುದಿಲ್ಲ. ಆ ಲಕ್ಷ್ಮವ್ವನ ಒಂದು ಕಾಳೂ ಈ ಹೆಂಗಸರ ಮನೆಗೆ ಹೋಗುವುದಿಲ್ಲ, ಅದು ಬೇರೆ ಮಾತು. ಸಂಜೆ ಗೇಟಿನಲ್ಲಿ ವಾಚ್‌ಮನ್ ಎದುರು ಸೆರಗು ಜಾಡಿಸಿ ತೋರಿಸಿಯೇ ಅವರು ಮನೆಯ ದಾರಿ ಹಿಡಿಯಬೇಕು.

ಆ ಬೆಳಿಗ್ಗೆ ಸಾಲಿನ ಮುಂದಿದ್ದವಳು ನೇತ್ರಾವತಿ. ಇಪ್ಪತ್ತೊಂದು ವರ್ಷ. ಕೇರಿಯ ಸುಂಕಲಮ್ಮನ ಮಗಳು. ಸಾವಿರದ ಐನೂರು ಮೀಟರ್ ಓಟದಲ್ಲಿ ಮೂರು ವರ್ಷ ರಾಜ್ಯಕ್ಕೆ ಮೊದಲು ಬಂದವಳು. ಹತ್ತು ಗಂಟೆಗೆ ಅವಳನ್ನು ಪರೀಕ್ಷೆ ಮಾಡಲು ಬೆಂಗಳೂರಿನಿಂದ ಜನ ಬರುವವರಿದ್ದರು. ಅವಳು ಹೆಣ್ಣು ಹೌದೋ ಅಲ್ಲವೋ ಎಂದು.

ಅವಳ ಹಿಂದೆ ತಾಯಿ. ತಾಯಿಯ ಹಿಂದೆ ದೊಡ್ಡವ್ವ ಹುಲಿಗವ್ವ, ಸುಂಕಲಮ್ಮನ ಅಕ್ಕ.

"ಇನ್ನೊಂದು ಸಲ ಹೇಳ್ತೀನಿ ಸುಂಕಿ," ಎಂದಳು ಹುಲಿಗವ್ವ, ಕಾಲು ನಿಲ್ಲಿಸದೆ. "ಆ ಪ್ಯಾಂಟಿನ ಮಂದಿ ಕೈಗೆ ಕೂಸಿನ್ನ ಕೊಡಬ್ಯಾಡ. ಹುಲಗಿಗೆ ಕರಕೊಂಡು ಹೋಗೂಣು. ದೇವಿ ಹೆಸರಿಲೆ ಮುತ್ತು ಕಟ್ಟಿಸಿಬಿಡೂಣು. ಆಮ್ಯಾಲೆ ಯಾರೂ ಏನೂ ಕೇಳಂಗಿಲ್ಲ. ಹೆಣ್ಣೋ ಗಂಡೋ, ದೇವಿದಾಗ್ತದ."

ಮುತ್ತು ಕಟ್ಟಿಸಿಕೊಂಡವಳಿಗೆ ಮದುವೆಯಿಲ್ಲ, ಮನೆಯಿಲ್ಲ. ಓಟವಂತೂ ಇಲ್ಲವೇ ಇಲ್ಲ. ತಲೆಯ ಮೇಲೆ ದೇವಿಯ ಬುಟ್ಟಿ, ಪಡಲಿಗೆ ಹೊತ್ತು ಊರೂರು ತಿರುಗಬೇಕು.

"ಇಕಿ ಹೊಕ್ಕಳಬಳ್ಳಿ ಕೊಯ್ದಾಕಿ ಯಾರು?" ಎಂದಳು ಸುಂಕಲಮ್ಮ.

"ನಾನ."

"ಅವತ್ತು ಬಾಗಲಕ ಬಂದು ಏನಂತ ಕೂಗಿದಿ?"

ಹುಲಿಗವ್ವ ಸ್ವಲ್ಪ ಹೊತ್ತು ಭತ್ತ ಎಳೆದಳು. "ಹೆಣ್ಣು ಅಂತ ಕೂಗಿದೆ."

"ಮತ್ತ?"

"ಕಾಲ ಕೆಟ್ಟೈತಿ ತಂಗಿ. ಅದಕ್ಕಂದೆ."

ನೇತ್ರಾವತಿ ತಿರುಗಿ ನೋಡಲಿಲ್ಲ. "ದೇವಿಗೆ ನಾ ಬೇಕಾಗಿದ್ರ ನನ್ನ ಕೇಳ್ತಾಳ ದೊಡ್ಡವ್ವ. ನಿನ್ನ ಕಡಿಂದ ಚೀಟಿ ಕಳಸೂದಿಲ್ಲ."

ಸಾಲಿನ ಹಿಂದೆ ಯಾರೋ ನಕ್ಕರು. ಹುಲಿಗವ್ವ ನಗಲಿಲ್ಲ.

ಈ ಹುಡುಗಿ ಓಟ ಕಲಿತದ್ದು ಇದೇ ಕಣದಲ್ಲಿ. ಎಂಟನೆಯ ವಯಸ್ಸಿನಿಂದ ದಿನವೂ ಶಾಲೆ ಬಿಟ್ಟ ಮೇಲೆ ತಾಯಿಯ ಹಿಂದೆ ಕಾಲು ಎಳೆದವಳು. ಹದಿಮೂರರಲ್ಲಿ ತಾಲೂಕು ಕ್ರೀಡಾಕೂಟಕ್ಕೆ ಹೋದಳು. ಎಂಟುನೂರು ಮೀಟರ್. ಸುಣ್ಣದಲ್ಲಿ ಎಳೆದ ದುಂಡನೆಯ ಗೆರೆ. ಎಲ್ಲ ಹುಡುಗಿಯರೂ ಒಂದು ದಿಕ್ಕಿಗೆ ಮುಖ ಮಾಡಿ ನಿಂತರೆ ಇವಳು ಇನ್ನೊಂದು ದಿಕ್ಕಿಗೆ ನಿಂತಳು. ಯಾರೋ ಕೂಗಿ ಹೇಳುವಷ್ಟರಲ್ಲಿ ಸೀಟಿ ಊದಿದರು. ಓಡಿದಳು. ಎರಡು ಸುತ್ತಿನಲ್ಲಿ ಎಲ್ಲರಿಗೂ ಎದುರುಬದುರಾಗಿ ಬಂದಳು. ಮೈದಾನವೆಲ್ಲ ಹೊಟ್ಟೆ ಹಿಡಿದು ನಕ್ಕಿತು. ಗೆರೆಯನ್ನು ಮೊದಲು ಮುಟ್ಟಿದವಳೂ ಅವಳೇ. ಆಟದಿಂದ ಹೊರಗೆ ಹಾಕಿದರು.

ದೈಹಿಕ ಶಿಕ್ಷಕ ನಜೀಬ ಸರ್ ಮಾತ್ರ ನಗಲಿಲ್ಲ. ಕೈಯಲ್ಲಿದ್ದ ಗಡಿಯಾರವನ್ನು ಎರಡು ಸಲ ನೋಡಿಕೊಂಡರು. ಆಮೇಲೆ ಕೇಳಿದರು: "ಉಲ್ಟಾ ಯಾಕ ಓಡಿದಿ ಬೇಟಾ?"

"ನಾ ಉಲ್ಟಾ ಓಡಿಲ್ರಿ ಸರ್. ಅವ್ರು ಓಡಿದ್ರು. ನಡಬಾರಕ ಇದ್ದ ದೇವರನ್ನ ಯಾರರ ಎಡಕ್ಕ ಇಟ್ಕೊಂಡು ಸುತ್ತತಾರೇನ್ರಿ?"

ಅವಳನ್ನು ತಿರುಗಿಸಲು ಅವರಿಗೆ ಒಂದು ತಿಂಗಳು ಹಿಡಿಯಿತು. "ಓಟದಾಗ ದೇವರು ಎಡಕ್ಕ ಇರ್ತಾನ," ಎಂದು ಹೇಳಿದರು.

"ಯಾಕ್ರಿ?"

"ಎದಿ ಎಡಕ್ಕ ಐತಲ್ಲ, ಅದಕ್ಕ."

ಆ ಮಾತು ಅವಳಿಗೆ ಒಪ್ಪಿಗೆಯಾಯಿತು. ಅಲ್ಲಿಂದ ಎಂಟು ವರ್ಷ ಎಡಕ್ಕೆ ಓಡಿದಳು. ಬೆಳಿಗ್ಗೆ ಕಾಲುವೆಯ ಏರಿಯ ಮೇಲೆ, ಸಂಜೆ ಕಾಲೇಜಿನ ಮೈದಾನದಲ್ಲಿ. ನಡುವೆ ಕಣದಲ್ಲಿ ಬಲಕ್ಕೆ ಸುತ್ತಿದಳು. ಸಾವಿರದ ಐನೂರು ಮೀಟರೆಂದರೆ ಮೂರು ಮುಕ್ಕಾಲು ಸುತ್ತು. ಮೊದಲ ಸುತ್ತಿನಲ್ಲಿ ಎಲ್ಲರೂ ಜಿಂಕೆಗಳು. ಮೂರನೆಯ ಸುತ್ತಿನಲ್ಲಿ ಕಾಲು ಕಲ್ಲಾಗುತ್ತದೆ. ಉಸಿರಿನಲ್ಲಿ ಕಬ್ಬಿಣದ ರುಚಿ ಬರುತ್ತದೆ. ಅಲ್ಲಿಯೇ ನೇತ್ರಾವತಿ ಮುಂದೆ ಹೋಗುತ್ತಿದ್ದಳು. ಕಾಲು ಕಲ್ಲಾದ ಮೇಲೆಯೂ ನಡೆಯುವುದು ಅವಳಿಗೆ ಹೊಸದಾಗಿರಲಿಲ್ಲ.

ಮೊದಲ ಚಿನ್ನ ಬಂದಾಗ ಗೋವಿಂದರಾಜರು ಮಿಲ್ಲಿನ ಗೇಟಿಗೆ ಬ್ಯಾನರ್ ಕಟ್ಟಿಸಿದರು. 'ನಮ್ಮ ಮಿಲ್ಲಿನ ಚಿನ್ನದ ಹುಡುಗಿ.' ಬ್ಯಾನರಿನಲ್ಲಿ ಅವರ ಮುಖ ದೊಡ್ಡದು, ಅವಳದು ಸಣ್ಣದು. ಆ ದಿನವೂ ಸಂಜೆ ಅವಳು ಅದರ ಕೆಳಗೆ ಸೆರಗು ಜಾಡಿಸಿಯೇ ಮನೆಗೆ ಹೋದಳು.

ಮೂರು ವಾರದ ಹಿಂದೆ ಮೂರನೆಯ ಚಿನ್ನ ಬಂತು. ನಾಲ್ಕು ನಿಮಿಷ ಇಪ್ಪತ್ತೊಂದು ಸೆಕೆಂಡು. ಆ ಕೂಟದಲ್ಲಿ ಅಷ್ಟು ಬೇಗ ಯಾರೂ ಓಡಿರಲಿಲ್ಲ. ಎರಡನೆಯವಳು ಯಲಬುರ್ಗಾದ ಅಫ್ಸಾನಾ, ಬಸ್ ಸ್ಟ್ಯಾಂಡಿನಲ್ಲಿ ಛತ್ರಿ ರಿಪೇರಿ ಮಾಡುವ ಶಫೀಸಾಬನ ಮಗಳು. ಕ್ಯಾಂಪುಗಳಲ್ಲಿ ಇಬ್ಬರಿಗೂ ಒಂದೇ ಕೋಣೆ, ಒಂದೇ ಬಕೀಟು. ಮೂರನೆಯವಳು ದೊಡ್ಡ ಊರಿನವಳು. ಅವಳ ಕಡೆಯವರು ದೂರು ಕೊಟ್ಟರು. ದನಿ ಒರಟು, ಎದೆ ಚಪ್ಪಟೆ, ತೊಡೆ ನೋಡಿ ಎಂದರು. ಅವರಲ್ಲೊಬ್ಬ ಎಲ್ಲರಿಗೂ ಕೇಳುವ ಹಾಗೆ ಹೇಳಿದ: "ಆ ಕೇರಿ ಹುಡುಗೀರಿಗೆ ಇಷ್ಟು ದಮ್ಮು ಎಲ್ಲಿಂದ ಬರತ್ತೆ? ಏನೋ ಇದೆ ಬಿಡಿ."

ಸ್ಟೇಡಿಯಮ್ಮಿನ ಮೆಟ್ಟಿಲ ಕೆಳಗೆ ಒಂದು ಕೋಣೆ. "ರೂಲ್ಸ್ ಐತಂತ ಬೇಟಾ. ಐದು ನಿಮಿಷದ ಮಾತು," ಎಂದು ನಜೀಬ ಸರ್ ಒಳಗೆ ಕಳಿಸಿದರು. ತಾವು ಬಾಗಿಲ ಹೊರಗೆ ನಿಂತರು. ಒಳಗೆ ಮೇಜಿನ ಹಿಂದೆ ಕ್ರೀಡಾ ಸಮಿತಿಯ ನಾಲ್ವರು ಕುಳಿತಿದ್ದರು. ಮೂವರು ಗಂಡಸರು, ಒಬ್ಬ ಡಾಕ್ಟರಮ್ಮ. ಮೇಜಿನ ಮೇಲೆ ಚಹಾ, ಬಿಸ್ಕತ್ತು.

ಬಟ್ಟೆ ತೆಗೆ ಎಂದರು. ತೆಗೆದಳು.

ಎಷ್ಟು ಹೊತ್ತು ನಿಂತಳೋ ಅವಳಿಗೆ ಗೊತ್ತಿಲ್ಲ. ಸೆಕೆಂಡು ಎಣಿಸಿ ಬದುಕುವವಳಿಗೆ ಆ ಹೊತ್ತು ಎಣಿಸಲು ಬರಲಿಲ್ಲ. ಡಾಕ್ಟರಮ್ಮ ಟೇಪು ಹಿಡಿದು ಅಲ್ಲಿ ಇಲ್ಲಿ ಅಳೆದಳು. ಅವಳ ಕೈ ತಣ್ಣಗಿತ್ತು. ಮೇಜಿನ ಹಿಂದೆ ಒಬ್ಬ ಬಿಸ್ಕತ್ತನ್ನು ಚಹಾದಲ್ಲಿ ಅದ್ದಿದ. ಅದು ಮುರಿದು ಒಳಗೆ ಬಿತ್ತು. ಆತ ಚಮಚ ಹುಡುಕಿದ. ನೇತ್ರಾವತಿ ಆ ಚಮಚವನ್ನೇ ನೋಡುತ್ತ ನಿಂತಳು.

ಇಷ್ಟಕ್ಕೆ ತೀರ್ಮಾನ ಆಗುವುದಿಲ್ಲ, ಪೂರ್ತಿ ಪರೀಕ್ಷೆ ಆಗಬೇಕು ಎಂದರು. ಅಲ್ಲಿಯವರೆಗೆ ಎಂದು ಹೇಳಿ ಕೊರಳಿನ ಪದಕ ತೆಗೆದುಕೊಂಡರು. ಅದನ್ನು ಅಫ್ಸಾನಾಳ ಕೊರಳಿಗೆ ಹಾಕಿ ಹೊಸದಾಗಿ ಫೋಟೋ ತೆಗೆದರು. ಫೋಟೋದಲ್ಲಿ ಅಫ್ಸಾನಾ ನೆಲ ನೋಡುತ್ತಿದ್ದಾಳೆ.

ಪೂರ್ತಿ ಪರೀಕ್ಷೆಗೆ ಎರಡು ಸಲ ಕರೆ ಬಂದರೂ ನೇತ್ರಾವತಿ ಹೋಗಲಿಲ್ಲ. ಆಗ ಗೋವಿಂದರಾಜರು ಸಮಿತಿಗೆ ಫೋನು ಮಾಡಿದರು. "ನೀವ ಬರ್ರಿ. ನಮ್ಮ ಮಿಲ್ಲಿನಾಗ ಗೆಸ್ಟ್ ರೂಮು ಐತಿ. ನಾ ಮುಂದ ನಿಂತು ಮಾಡಸ್ತೀನಿ." ಬ್ಯಾನರಿನಲ್ಲಿ ಅವರ ಮುಖವೂ ಇತ್ತಲ್ಲ. ಪರೀಕ್ಷೆ ಆದರೆ ಪದಕ ಬರಬಹುದು, ಮುಂದಿನ ತಿಂಗಳು ದೇಶದ ಕೂಟಕ್ಕೆ ಹೋಗಬಹುದು. ಒಲ್ಲೆ ಎಂದರೆ ಓಟಗಾರರ ಪಟ್ಟಿಯಿಂದ ಹೆಸರು ಹೊಡೆದುಹಾಕುತ್ತಾರೆ. ಇದನ್ನು ಅವಳಿಗೆ ಸಣ್ಣ ಮಕ್ಕಳಿಗೆ ಹೇಳುವ ಹಾಗೆ ನಾಲ್ಕು ಜನ ನಾಲ್ಕು ಸಲ ಹೇಳಿದ್ದರು. ಅವಳಿಗೆ ಓಡಬೇಕಿತ್ತು. ಓಡದೆ ಇರುವುದು ಹೇಗೆಂದು ಅವಳಿಗೆ ತಿಳಿದಿರಲಿಲ್ಲ.

ಹತ್ತಕ್ಕೆ ಬಿಳಿ ವ್ಯಾನು ಗೇಟು ದಾಟಿ ಒಳಗೆ ಬಂತು. ಮಂಜಿನಲ್ಲಿ ಅದರ ದೀಪಗಳು ಉರಿಯುತ್ತಿದ್ದವು. ಮೊದಲು ಇಳಿದವನು ಸಮಿತಿಯ ಕಾರ್ಯದರ್ಶಿ, ಚಹಾದಲ್ಲಿ ಬಿಸ್ಕತ್ತು ಅದ್ದಿದವನು. ಆಮೇಲೆ ಡಾಕ್ಟರಮ್ಮ. ಕೊನೆಗೆ ನಜೀಬ ಸರ್. ಅವರ ಕಣ್ಣುಗಳು ಕೆಂಪಾಗಿದ್ದವು.

"ನೇತ್ರಾ, ಬಾಮ್ಮ. ಸಾಹೇಬ್ರು ಬಂದಾರ," ಎಂದು ಗೋವಿಂದರಾಜರು ಕೂಗಿದರು.

"ಸುತ್ತು ಮುಗೀಲ್ರಿ ಸಾವಕಾರ್ರ. ನೆಲ್ಲು ಹಸಿ ಐತಿ."

ಸುತ್ತು ಮುಗಿಯಿತು. ಅವಳು ಇನ್ನೊಂದು ಸುತ್ತಿಗೆ ತಿರುಗಿದಳು. ಹೆಂಗಸರೂ ತಿರುಗಿದರು.

ಕಾರ್ಯದರ್ಶಿ ಗಡಿಯಾರ ನೋಡಿದ. "ಏನ್ರೀ ಇದು? ನಾವು ರಾತ್ರಿಯೆಲ್ಲ ಪ್ರಯಾಣ ಮಾಡಿ ಬಂದಿದೀವಿ," ಎನ್ನುತ್ತ ಅವಳ ಕಡೆ ಹೊರಟ. ಬೂಟು ಭತ್ತದಲ್ಲಿ ಹೂತುಕೊಂಡಿತು.

"ಏ! ಏ! ಬೂಟು!" ಸುಂಕಲಮ್ಮ ಚೀರಿದಳು. "ಲಕ್ಷ್ಮವ್ವನ ಮ್ಯಾಲೆ ಬೂಟು ಇಡ್ತೀಯೇನೋ! ತೆಗಿ!"

ಹದಿನಾಲ್ಕು ಹೆಂಗಸರು ಒಟ್ಟಿಗೆ ಕೂಗಿದರು. ಕಾರ್ಯದರ್ಶಿ ಒಂದು ಕಾಲು ಒಳಗೆ, ಒಂದು ಕಾಲು ಹೊರಗೆ ಇಟ್ಟು ನಿಂತ. ಗೋವಿಂದರಾಜರು ಓಡಿ ಬಂದರು. ಅವರೂ ಚಪ್ಪಲಿ ಬಿಟ್ಟು ಬಂದಿದ್ದರು. "ಸಾರ್, ಬೂಟು ತೆಗೀರಿ ಸಾರ್. ನಮ್ಮಲ್ಲಿ ಪದ್ಧತಿ ಐತಿ."

"ಇಷ್ಟು ಜನರ ಮುಂದೆ? ಈ ಕೂಲಿ ಹೆಂಗಸರ ಮುಂದೆ ಬೂಟು ತೆಗೆದು ನಿಲ್ಲಬೇಕಾ ನಾನು?"

ನೇತ್ರಾವತಿ ನಿಂತಳು. ಅವಳು ನಿಂತದ್ದಕ್ಕೆ ಸಾಲೆಲ್ಲ ನಿಂತಿತು. ಕಾಲುಗಳು ಭತ್ತ ಸೀಳುವ ಸರಸರ ಸದ್ದು ನಿಂತುಹೋಯಿತು. ಬೆಳಗಿನ ಐದರಿಂದ ಆ ಸದ್ದು ನಿಂತಿರಲಿಲ್ಲ.

"ಬೂಟು ತೆಗ್ಯಾಕ ನಿಮಗ ನಾಚಿಕಿ ಬಂತ್ರಿ ಸರ್?"

ಅವನು ಗೋವಿಂದರಾಜರ ಕಡೆ ತಿರುಗಿದ.

"ಅವತ್ತು ನೀವು ನನಗ ಏನೇನು ತೆಗಿ ಅಂದ್ರಿ? ಈ ಮಂದಿ ಮುಂದ ಹೇಳ್ರಿ. ನಮ್ಮವ್ವ ಇಲ್ಲೇ ಅದಾಳ. ಹೇಳ್ರಿ."

"ನೋಡಮ್ಮ, ಅದು ನಿಯಮ…"

"ಇದೂ ನೇಮ. ತೆಗೀರಿ."

ಡಾಕ್ಟರಮ್ಮ ಮುಖ ತಿರುಗಿಸಿದಳು. ಕಾರ್ಯದರ್ಶಿ ಭತ್ತದಿಂದ ಕಾಲು ಎಳೆದುಕೊಂಡು ಹಿಂದೆ ಸರಿದ. ಬೂಟಿನ ಗುರುತು ಹಾಗೆಯೇ ಉಳಿಯಿತು. ಹುಲಿಗವ್ವ ಬಾಗಿ, ಅದನ್ನು ಅಂಗೈಯಿಂದ ಸವರಿ ಸಮ ಮಾಡಿದಳು. ಆ ಕೈಯನ್ನು ಕಣ್ಣಿಗೊತ್ತಿಕೊಂಡಳು.

"ನಾ ಬರೂದಿಲ್ಲ," ಎಂದಳು ನೇತ್ರಾವತಿ. "ಇವತ್ತೂ ಇಲ್ಲ, ನಾಳೇನೂ ಇಲ್ಲ."

"ಹಾಗಾದ್ರೆ ನಿನ್ನ ಓಟ ಇವತ್ತಿಗೆ ಮುಗೀತು. ಗೊತ್ತಿದೆಯಾ?"

ಅವಳು ಒಮ್ಮೆ ತನ್ನ ಪಾದ ನೋಡಿಕೊಂಡಳು. ಎಲ್ಲರೂ ನೋಡಿದರು. "ಗೊತ್ತೈತ್ರಿ."

"ನಿರಾಕರಿಸಿದೆ ಅಂತ ಸಹಿ ಹಾಕು."

"ಸಹಿ ಯಾಕ್ರಿ? ನಾ ಓಡಿದ್ದು ನಿಮ್ಮ ಗಡಿಯಾರದಾಗ ಐತಿ. ಅದನ್ನ ನೋಡ್ರಿ. ನನ್ನ ಮೈಯಾಗ ಏನ ಹುಡುಕ್ತೀರಿ?"

ಗೋವಿಂದರಾಜರ ಮುಖ ಕಪ್ಪಿಟ್ಟಿತು. "ಸುಂಕಲಮ್ಮ, ನಿನ್ನ ಮಗಳಿಗೆ ಬುದ್ಧಿ ಹೇಳ್ತೀಯೋ ಇಲ್ಲೋ? ಹೇಳದಿದ್ರ ನಾಳಿಂದ ಇಬ್ರೂ ಈ ಗೇಟು ದಾಟಬ್ಯಾಡ್ರಿ. ಈ ಊರಾಗ ಯಾವ ಮಿಲ್ಲಿನಾಗೂ ಕೆಲಸ ಸಿಗದಂಗ ಮಾಡ್ತೀನಿ."

ಸುಂಕಲಮ್ಮ ಮಗಳ ಪಕ್ಕ ಬಂದು ನಿಂತಳು. ಇಪ್ಪತ್ತಾರು ವರ್ಷ ಈ ಕಣ ಸುತ್ತಿದವಳು. ಅವಳ ಹಿಮ್ಮಡಿ ಒಣಗಿದ ಕೆರೆಯ ತಳದಂತಿತ್ತು.

ಹುಲಿಗವ್ವ ಮೊದಲು ಕುಳಿತಳು. ಕಣದ ನಡುವೆ, ಲಕ್ಷ್ಮವ್ವನ ಪಕ್ಕ, ಮೊಣಕಾಲು ಹಿಡಿದು ಕುಳಿತಳು.

"ಏನಾಗೇದ ಹುಲಿಗವ್ವ ನಿನಗ?"

"ಕಾಲು ನೊಂದಾವ್ರಿ ಸಾವಕಾರ್ರ."

ಅವಳ ಹಿಂದಿನವಳು ಕುಳಿತಳು. ಅವಳ ಹಿಂದಿನವಳೂ. ಒಬ್ಬೊಬ್ಬರಾಗಿ ಎಲ್ಲರೂ ಕುಳಿತರು.

"ಎಲ್ಲಾರಿಗೂ ಒಮ್ಮೆಲೆ ನೊಂದುವೇನು?"

"ಒಂದ ಕಣ ಸುತ್ತಿದ ಕಾಲು ಅಲ್ಲೇನ್ರಿ," ಎಂದಳು ಹುಲಿಗವ್ವ. "ಈ ಕೂಸು ಭೂಮಿಗೆ ಬಿದ್ದಾಗ ನನ್ನ ಕೈಯಾಗ ಬಿದ್ದೈತಿ. ನಾ ನೋಡೀನಿ. ನಾ ಹೇಳೀನಿ. ಮತ್ತೊಮ್ಮೆ ನೋಡಾಕ ಇವ್ರು ಯಾರು? ಆ ಗಾಡಿ ಗೇಟು ದಾಟಿ ಹೋಗೂತನಕ ನಮಗ ಕಾಲು ನೋವು. ಅವಸರ ಇದ್ರ ನೀವ ತುಳೀರಿ."

ಮಂಜು ಕರಗಿರಲಿಲ್ಲ. ಹಬೆ ಏಳುತ್ತಿತ್ತು. ಐದು ನಿಮಿಷ ಹೋಯಿತು. ಅರ್ಧ ಗಂಟೆ ಹೋಯಿತು. ಭತ್ತದಿಂದ ಮೆಲ್ಲಗೆ ಒಂದು ಹುಳಿ ವಾಸನೆ ಎದ್ದಿತು. ಗೋವಿಂದರಾಜರು ಬಗ್ಗಿ ಒಂದು ಹಿಡಿ ತೆಗೆದು ಮೂಸಿದರು. ಆಕಾಶ ನೋಡಿದರು. ವ್ಯಾನಿನ ಕಡೆ ನೋಡಿದರು.

"ನೀವು ಹೋಗ್ರಿ ಸಾರ್," ಎಂದರು ಕೊನೆಗೆ. "ಮತ್ತ ನೋಡೂಣು."

ವ್ಯಾನು ತಿರುಗಿತು. ನಜೀಬ ಸರ್ ಅದರಲ್ಲಿ ಹತ್ತಲಿಲ್ಲ. ಕಣದ ಅಂಚಿಗೆ ಬಂದು ಬೂಟು ಕಳಚಿ, ಕಾಲುಚೀಲ ಕಳಚಿ, ಬರಿಗಾಲಲ್ಲಿ ಭತ್ತದೊಳಗೆ ನಡೆದು ಬಂದರು. ಲಕ್ಷ್ಮವ್ವನನ್ನು ಬಲಗೈಗೆ ಬಿಟ್ಟುಕೊಂಡೇ ಬಂದರು.

"ಅವತ್ತು ನಾ ಬಾಗಲ ಹೊರಗ ನಿಂತಿದ್ದೆ," ಎಂದರು. "ಒಳಗ ಬಂದು ನಿನ್ನ ಕರಕೊಂಡು ಹೋಗಬೇಕಿತ್ತು."

"ಹೌದ್ರಿ ಸರ್," ಎಂದಳು ನೇತ್ರಾವತಿ. "ಬರಬೇಕಿತ್ತು."

ಅವರು ತಲೆ ಬಾಗಿಸಿದರು. ಅವಳು ಸಾಲಿನ ಮುಂದೆ ಹೋಗಿ ಕಾಲು ಎಳೆಯತೊಡಗಿದಳು. ಹೆಂಗಸರು ಎದ್ದರು. ಸದ್ದು ಮತ್ತೆ ಶುರುವಾಯಿತು.

ಮಧ್ಯಾಹ್ನ ನಜೀಬ ಸರ್ ಫೋನಿಗೆ ಸಮಿತಿಯ ಪತ್ರ ಬಂತು. ನೇತ್ರಾವತಿಯ ಹೆಸರು ಪಟ್ಟಿಯಿಂದ ತೆಗೆದಿದೆ ಎಂದು ಎರಡು ಸಾಲು. ಅವರು ಅದನ್ನು ಓದಿ ಹೇಳಿದರು. ಅವಳು ಒಂದು ಸುತ್ತು ಮುಗಿಸಿದಳು. ಆಮೇಲೆ, "ಮುಂಜಾನೆ ಏರಿ ಮ್ಯಾಲೆ ಗಡಿಯಾರ ತಗೊಂಡು ಬರ್ರಿ," ಎಂದಳು. "ಪಟ್ಟಿ ಅವ್ರದು. ಕಾಲು ನನ್ನವು."

ಮೂರು ಗಂಟೆಯ ಮೇಲೆ ಬಿಸಿಲು ಬಂತು. ತೆಳ್ಳಗೆ, ಹಳದಿಯಾಗಿ, ಓರೆಯಾಗಿ ಬಂತು. ಭತ್ತ ಉಳಿಯಿತು. ಗೋವಿಂದರಾಜರು ಆಫೀಸಿನ ಬಾಗಿಲು ಹಾಕಿಕೊಂಡು ಒಳಗೇ ಇದ್ದರು. ನಾಳೆ ಗೇಟಿನಲ್ಲಿ ಏನು ಹೇಳುತ್ತಾರೋ, ಅದನ್ನು ನಾಳೆ ನೋಡಬೇಕು.

ಕೊನೆಯ ಸುತ್ತುಗಳು ನಡೆಯುತ್ತಿದ್ದಾಗ ಗೇಟಿನಲ್ಲಿ ಒಬ್ಬ ಹುಡುಗಿ ಕಾಣಿಸಿಕೊಂಡಳು. ತಲೆಗೆ ದುಪಟ್ಟಾ, ಹೆಗಲಿಗೆ ಚೀಲ. ಯಲಬುರ್ಗಾದಿಂದ ಎರಡು ಬಸ್ಸು ಬದಲಿಸಿ ಬಂದವಳ ಧೂಳು ಮೈಮೇಲೆ ಇತ್ತು. ಕಣದ ಅಂಚಿನಲ್ಲಿ ಚಪ್ಪಲಿಗಳ ಸಾಲು ನೋಡಿ, ಬಗ್ಗಿ ತನ್ನ ಬೂಟಿನ ದಾರ ಬಿಚ್ಚಿದಳು. ಬೂಟನ್ನು ಆ ಸಾಲಿನ ಕೊನೆಗೆ ಜೋಡಿಸಿ ಇಟ್ಟಳು. ಭತ್ತದೊಳಗೆ ಇಳಿದು, ನಡುವಿನ ನಿಂಬೆಹಣ್ಣನ್ನು ಎಡಕ್ಕೆ ಬಿಟ್ಟು ನಡೆದಳು. ಓಡುವವರು ತಿರುಗುವ ಹಾಗೆ.

"ಏ ತಂಗಿ! ಆ ಕಡೆ ಅಲ್ಲ, ಈ ಕಡೆ!" ಹೆಂಗಸರು ಕೂಗಿದರು. "ಎಡಕ್ಕ ಸುತ್ತಬಾರದು! ಯಾವೂರ ಹುಡುಗಿನೋ ಏನೋ!"

ಅವಳಿಗೆ ಅರ್ಥವಾಗಲಿಲ್ಲ. ಬಂದಳು. ಭತ್ತದ ಮೊನೆ ಚುಚ್ಚಿ, ಪಾದ ಎತ್ತಿ ಎತ್ತಿ ಇಡುತ್ತ ಬಂದಳು. ಹಾಗಾಗಿ ಇಬ್ಬರೂ ಎದುರುಬದುರಾದರು. ಎಂಟು ವರ್ಷದ ಓಟದಲ್ಲಿ ಅಫ್ಸಾನಾ ಯಾವಾಗಲೂ ನೇತ್ರಾವತಿಯ ಬೆನ್ನು ನೋಡಿದವಳು. ಈಗ ಮುಖ ನೋಡಿದಳು.

ನೇತ್ರಾವತಿಯ ಬಾಯಿಯ ಮೂಲೆಯಲ್ಲಿ ನಗು ಬಂದು ಹೋಯಿತು. "ಉಲ್ಟಾ ಬಂದಿ," ಎಂದಳು.

ಅಫ್ಸಾನಾ ಚೀಲದಿಂದ ಒಂದು ಕೈವಸ್ತ್ರದ ಗಂಟು ತೆಗೆದಳು. ಅದನ್ನು ಬಿಚ್ಚಲಿಲ್ಲ; ಪದಕದ ರಿಬ್ಬನ್ನು ಅಂಚಿನಿಂದ ಇಣುಕುತ್ತಿತ್ತು. ಭತ್ತದ ಧೂಳು ಹತ್ತಿದ ನೇತ್ರಾವತಿಯ ಕೈ ಹಿಡಿದು, ಅಂಗೈ ಮೇಲೆ ಮಾಡಿ, ಗಂಟನ್ನು ಅದರಲ್ಲಿಟ್ಟು, ಬೆರಳುಗಳನ್ನು ಒಂದೊಂದಾಗಿ ಮಡಚಿದಳು. ಆಮೇಲೆ ತಿರುಗಿ, ಲಕ್ಷ್ಮವ್ವನನ್ನು ಬಲಗೈಗೆ ಬಿಟ್ಟುಕೊಂಡು, ಅವಳ ಪಕ್ಕದಲ್ಲಿ ಕಾಲು ಎಳೆಯತೊಡಗಿದಳು.